ಮಗಳು ‘ಹಿಸ್ಟರಿ ತಗೋತೀನಿ’ ಅಂದಾಗ

(ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಎದ್ದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಿಸಿಬೇಳೆಬಾತ್ ಆದ ಮೇಲೆ ಮಾತಾಡಿ ಅಂದಿದ್ದೀರಿ. ಯಾರಿಗಾದರೂ ತೂಕಡಿಕೆ ಬಂದರೆ ಅದು ತುಪ್ಪದ ತಪ್ಪು ಅಂದುಕೊಳ್ಳುತ್ತೇನೆ.

ನಾನು ಇಲ್ಲಿ ಹದಿನಾರು ದಾಟಿದ ಮಕ್ಕಳಿಗೆ ಇತಿಹಾಸ ಕಲಿಸುವವಳು. ಚಳಿಗಾಲ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಓಪನ್ ಈವ್ನಿಂಗ್ ಇರುತ್ತದೆ, ಸೇರಬೇಕು ಅನ್ನುವ ಮಕ್ಕಳು ಅಪ್ಪ ಅಮ್ಮನ ಜೊತೆ ಬಂದು ವಿಚಾರಿಸುವ ಸಂಜೆ. ಮೇಜಿನ ಆಚೆ ನಾನು, ಈಚೆ ಅಪ್ಪ ಅಮ್ಮ, ಮಧ್ಯದಲ್ಲಿ ನೆಲ ನೋಡುತ್ತಾ ನಿಂತ ಮಗು. ನನ್ನ ಹೆಸರಿನ ಪಟ್ಟಿ ನೋಡಿ ‘ನೀವು ಕನ್ನಡದವರಾ?’ ಅಂತ ಕೇಳಿ ಮುಖ ಅರಳಿಸಿದವರು, ಮರುಕ್ಷಣವೇ ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ: ‘ಮೇಡಂ, ನಮ್ಮವರು ಅಂತ ಕೇಳ್ತಾ ಇದೀನಿ. ಹಿಸ್ಟರಿ ತಗೊಂಡ್ರೆ ಮುಂದೆ ಏನಾದ್ರೂ ಇದೆಯಾ?’

ಆ ತಗ್ಗಿದ ದನಿ ನನಗೆ ಗೊತ್ತು. ಹಾಸನದಲ್ಲಿ ನಾನು ಪಿಯುಸಿಗೆ ಎಚ್‌ಇಪಿಎಸ್ (ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ) ತಗೊಂಡಾಗ ನಮ್ಮಪ್ಪ ನೆಂಟರ ಮುಂದೆ ಇದೇ ದನಿಯಲ್ಲಿ ‘ಆರ್ಟ್ಸು’ ಅನ್ನುತ್ತಿದ್ದರು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಹೇಳುವ ಹಾಗೆ.

ಇವತ್ತು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ನಮ್ಮಲ್ಲಿ ಬಹಳ ಜನ ಮಕ್ಕಳ ಎ-ಲೆವೆಲ್ ಆಯ್ಕೆಯನ್ನು, ಅಂದರೆ ಇಲ್ಲಿ ಹದಿನಾರರ ಮೇಲೆ ಓದುವ ವಿಷಯಗಳ ಆಯ್ಕೆಯನ್ನು, ನಮ್ಮ ಪಿಯುಸಿಯ ನಕ್ಷೆ ಹಿಡಿದುಕೊಂಡು ನೋಡುತ್ತೇವೆ. ಊರೇ ಬೇರೆ, ನಕ್ಷೆ ಹಳೆಯದು. ಹೀಗಾಗಿ ವಿಷಯದ ಹೆಸರು ಕೇಳಿ ತೀರ್ಮಾನ ಮಾಡುತ್ತೇವೆ. ಆ ಹೆಸರಿನ ಒಳಗೆ ಮಗು ಎರಡು ವರ್ಷ ಕೂತು ಏನು ಕೆಲಸ ಮಾಡುತ್ತದೆ ಅಂತ ನೋಡುವುದೇ ಇಲ್ಲ.

ಮೊದಲ ಸಾಲಿನಲ್ಲಿ ಊರಿಂದ ಬಂದಿರುವ ಅಜ್ಜಿ ತಾತಂದಿರು ಕೂತಿದ್ದಾರೆ, ಅವರಿಗಾಗಿ ಎರಡು ಮಾತು. ಇಲ್ಲಿ ಹದಿನಾರಕ್ಕೆ ಜಿಸಿಎಸ್‌ಇ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಅದಾದ ಮೇಲಿನ ಎರಡು ವರ್ಷ, ಹನ್ನೆರಡು ಮತ್ತು ಹದಿಮೂರನೇ ತರಗತಿ, ಅದೇ ಸಿಕ್ಸ್ತ್ ಫಾರ್ಮ್. ಹಿಂದೆ ಹನ್ನೊಂದನೇ ವಯಸ್ಸಿಗೆ ಸೇರುವ ತರಗತಿಯನ್ನು ಫಸ್ಟ್ ಫಾರ್ಮ್ ಅನ್ನುತ್ತಿದ್ದರು. ಆ ಲೆಕ್ಕದ ಆರನೆಯದು ಇದು. ಒಂದರಿಂದ ಐದರ ಹೆಸರುಗಳು ಅಳಿದವು, ಆರು ಮಾತ್ರ ಉಳಿಯಿತು. ಕೊನೆಯಲ್ಲಿ ಬರೆಯುವುದು ಎ-ಲೆವೆಲ್, 1951ರಲ್ಲಿ ಶುರುವಾದ ಪರೀಕ್ಷೆ. ಸ್ಕಾಟ್ಲೆಂಡಿನಲ್ಲಿ ‘ಹೈಯರ್’ ಅನ್ನುವ ಬೇರೆಯೇ ಏರ್ಪಾಡು ಇದೆ. ಎಡಿನ್‌ಬರಾದಿಂದ ಬಂದವರು ನನ್ನ ಮಾತನ್ನು ಪಕ್ಕದ ಮನೆಯ ಸುದ್ದಿ ಅಂತ ಕೇಳಿಸಿಕೊಳ್ಳಿ.

ಈಗ ನಕ್ಷೆಯ ವಿಚಾರ. ಪಿಯುಸಿಯಲ್ಲಿ ಬಾಗಿಲು ಮೂರು: ಸೈನ್ಸ್, ಕಾಮರ್ಸ್, ಆರ್ಟ್ಸ್. ಒಳಗೆ ಹೋದರೆ ಎರಡು ಭಾಷೆ, ಮೇಲೆ ನಾಲ್ಕು ವಿಷಯ. ಆ ನಾಲ್ಕನ್ನು ಕಾಲೇಜಿನವರೇ ಕಟ್ಟಿ ಇಟ್ಟಿರುತ್ತಾರೆ: ಪಿಸಿಎಂಬಿ, ಎಚ್‌ಇಪಿಎಸ್. ಹೋಟೆಲಿನ ಊಟದ ಹಾಗೆ, ಪಲ್ಯ ಬದಲಾಯಿಸುವಂತಿಲ್ಲ. ಇಲ್ಲಿ ಅಂಥ ಬಾಗಿಲುಗಳೇ ಇಲ್ಲ. ಸಾಮಾನ್ಯವಾಗಿ ಮೂರು ವಿಷಯ, ಗಟ್ಟಿಗರಾದರೆ ನಾಲ್ಕು. ಯಾವುದರ ಪಕ್ಕದಲ್ಲಿ ಯಾವುದನ್ನು ಬೇಕಾದರೂ ಇಡಬಹುದು. ಕೆಮಿಸ್ಟ್ರಿ, ಬಯಾಲಜಿ ಜೊತೆ ಹಿಸ್ಟರಿ. ಮ್ಯಾಥ್ಸ್, ಫಿಸಿಕ್ಸ್ ಜೊತೆ ಇಂಗ್ಲಿಷ್ ಲಿಟರೇಚರ್. ನನ್ನ ತರಗತಿಯಲ್ಲಿ ಇಂಥ ಮಕ್ಕಳು ಇದ್ದೇ ಇರುತ್ತಾರೆ. ‘ಆರ್ಟ್ಸ್ ಸ್ಟೂಡೆಂಟ್’ ಅನ್ನುವ ಜಾತಿಯೇ ಇಲ್ಲಿ ಹುಟ್ಟುವುದಿಲ್ಲ. ಹಾಗಾಗಿ ‘ಸೈನ್ಸಾ, ಆರ್ಟ್ಸಾ’ ಅಂತ ಮನೆಯಲ್ಲಿ ನಡೆಯುವ ಜಗಳಕ್ಕೆ ಇಲ್ಲಿ ಅರ್ಥವೇ ಇಲ್ಲ.

ಅಡ್ಡ ಬರುವುದು ಟೈಮ್‌ಟೇಬಲ್. ಶಾಲೆಯವರು ವಿಷಯಗಳನ್ನು ನಾಲ್ಕೈದು ಕಂಬಗಳಲ್ಲಿ ಇಡುತ್ತಾರೆ, ಆಪ್ಷನ್ ಬ್ಲಾಕ್ ಅನ್ನುತ್ತಾರೆ. ಒಂದು ಕಂಬದಿಂದ ಒಂದೇ ವಿಷಯ. ಹಿಸ್ಟರಿಯೂ ಎಕನಾಮಿಕ್ಸೂ ಒಂದೇ ಕಂಬದಲ್ಲಿ ಬಿದ್ದರೆ ಎರಡರಲ್ಲೊಂದು ಹೋಯಿತು. ಮಗುವಿನ ಭವಿಷ್ಯದ ಬಗ್ಗೆ ರಾತ್ರಿ ಎಲ್ಲ ಚರ್ಚೆ ಮಾಡಿ ಬಂದವರು ಬೆಳಗ್ಗೆ ಈ ಕಂಬಕ್ಕೆ ಹಣೆ ಚಚ್ಚಿಕೊಂಡಿದ್ದನ್ನು ನೋಡಿದ್ದೇನೆ. ಆ ಪಟ್ಟಿಯನ್ನು ಮೊದಲೇ ಕೇಳಿ ಪಡೆಯಿರಿ. ಜೊತೆಗೆ ‘ಈ ತರಗತಿ ನಿಜವಾಗಿ ನಡೆಯುತ್ತದೆಯೇ?’ ಅಂತಲೂ ಕೇಳಿ. ಕರಪತ್ರದಲ್ಲಿ ಲ್ಯಾಟಿನ್, ಫಿಲಾಸಫಿ ಎಲ್ಲ ಇರುತ್ತದೆ. ಮೂರೇ ಮಕ್ಕಳು ಸೇರಿದರೆ ಸೆಪ್ಟೆಂಬರ್‌ನಲ್ಲಿ ಬೀಗ ಬೀಳುತ್ತದೆ. ಕೆಲವು ವಿಷಯಗಳು ದೇಶದಿಂದಲೇ ಮಾಯವಾಗಿವೆ. ಆರ್ಕಿಯಾಲಜಿಯ ಎ-ಲೆವೆಲ್ ನಿಲ್ಲಿಸುತ್ತೇವೆ ಅಂತ ಪರೀಕ್ಷಾ ಮಂಡಳಿ 2016ರಲ್ಲಿ ಹೇಳಿತು, ನಿಂತೇ ಹೋಯಿತು. ಅದೇ ಪಟ್ಟಿಯಲ್ಲಿದ್ದ ಹಿಸ್ಟರಿ ಆಫ್ ಆರ್ಟ್ ಅನ್ನು ಇನ್ನೊಂದು ಮಂಡಳಿ ಎತ್ತಿಕೊಂಡು ಉಳಿಸಿತು.

ಇನ್ನು ಹೆಸರಿನ ಒಳಗೆ ಏನಿದೆ ಅನ್ನುವುದು. ನನ್ನ ವಿಷಯ ಅಂತ ಹಿಸ್ಟರಿಯನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ.

ಇಸವಿ ಉರು ಹೊಡೆಯುವುದು ಅಂತ ನಾವು ಅಂದುಕೊಂಡಿದ್ದೇವೆ. ಎಕ್ಯೂಎ ಅನ್ನುವ ಮಂಡಳಿಯ ಮೊದಲ ಪತ್ರಿಕೆ ತೆಗೆದು ನೋಡಿ. ಎರಡೂವರೆ ಗಂಟೆ, 80 ಅಂಕ, ಉತ್ತರಿಸಬೇಕಾದದ್ದು ಮೂರೇ ಪ್ರಶ್ನೆ. ಮೊದಲನೆಯದಕ್ಕೆ 30 ಅಂಕ. ಮೂವರು ಇತಿಹಾಸಕಾರರ ಮೂರು ತುಣುಕು ಕೊಟ್ಟಿರುತ್ತಾರೆ. ಒಬ್ಬೊಬ್ಬರ ವಾದ ಎಷ್ಟರ ಮಟ್ಟಿಗೆ ನಂಬುವಂತಿದೆ ಅಂತ ತೂಗಬೇಕು. ಪುಸ್ತಕ ಬರೆದ ಪ್ರೊಫೆಸರರ ಮಾತನ್ನು ಹದಿನೇಳರ ಮಗು ಹಿಡಿದು ‘ಇಲ್ಲಿ ನೀವು ಹೇಳಿದ್ದಕ್ಕೆ ಆಧಾರ ಸಾಲದು’ ಅನ್ನಬೇಕು. ಇನ್ನೆರಡು ಪ್ರಬಂಧ, ತಲಾ 25. ಇಸವಿ ಗೊತ್ತಿರಲೇಬೇಕು, ಆದರೆ ಅದು ಗೋಡೆ ಕಟ್ಟುವಾಗ ಇಟ್ಟಿಗೆ ಇದ್ದ ಹಾಗೆ. ಇಟ್ಟಿಗೆ ರಾಶಿ ಹಾಕಿ ‘ಮನೆ ಆಯ್ತು ನೋಡಿ’ ಅಂದರೆ ಅಂಕ ಬರುವುದಿಲ್ಲ. ಜಿಸಿಎಸ್‌ಇಯಲ್ಲಿ 9, ಅಂದರೆ ಎಲ್ಲಕ್ಕಿಂತ ಮೇಲಿನ ಗ್ರೇಡ್, ತಗೊಂಡ ಮಕ್ಕಳು, ಅದರಲ್ಲೂ ಜ್ಞಾಪಕಶಕ್ತಿ ಚೆನ್ನಾಗಿರುವ ನಮ್ಮ ಮಕ್ಕಳು, ನವೆಂಬರ್ ಹೊತ್ತಿಗೆ ಮುಖ ಸಣ್ಣ ಮಾಡಿಕೊಂಡು ಬರುವುದು ಈ ಕಾರಣಕ್ಕೆ: ‘ಮಿಸ್, ಎಲ್ಲಾ ಬರೆದಿದ್ದೆ, ಸಿ ಬಂದಿದೆ.’ ಎಲ್ಲಾ ಬರೆದದ್ದೇ ತೊಂದರೆ ಅಂತ ಅರ್ಥ ಮಾಡಿಸಲು ನನಗೆ ಕ್ರಿಸ್‌ಮಸ್‌ವರೆಗೆ ಬೇಕು.

ಪರೀಕ್ಷೆಗಳ ಪಾಲು ಬಿಟ್ಟರೆ, ಒಟ್ಟು ಅಂಕದ ಉಳಿದ 20 ಪರ್ಸೆಂಟ್ ಕೋರ್ಸ್‌ವರ್ಕ್‌ಗೆ. ಮಗು ತಾನೇ ಪ್ರಶ್ನೆ ಆರಿಸಿಕೊಂಡು ನಾಲ್ಕು ಸಾವಿರ ಪದದ ಆಸುಪಾಸಿನಲ್ಲಿ ಬರೆಯುವ ಅಧ್ಯಯನ. ಒಂದು ಷರತ್ತು ಇದೆ: ಪ್ರಶ್ನೆ ಸುಮಾರು ನೂರು ವರ್ಷದ ಹರವಿನಲ್ಲಿ ಕೂರಬೇಕು.

ಒಂದು ವರ್ಷ ನಮ್ಮವರದೇ ಹುಡುಗಿಯೊಬ್ಬಳು ಬಂದು ಟಿಪ್ಪು ಮೇಲೆ ಬರೀತೀನಿ ಅಂದಳು. ಕಾರಣ ಕೇಳಿದೆ. ‘ನಮ್ಮ ಮನೆಯಲ್ಲಿ ಅಪ್ಪನಿಗೆ ಒಬ್ಬ ಟಿಪ್ಪು, ಚಿಕ್ಕಪ್ಪನಿಗೆ ಇನ್ನೊಬ್ಬ ಟಿಪ್ಪು. ಇಬ್ಬರೂ ಸೇರಿದ ದಿನ ಊಟ ಆರಿ ಹೋಗುತ್ತೆ’ ಅಂದಳು. ಟಿಪ್ಪು ಆಳಿದ್ದು 1782ರಿಂದ 1799, ಹದಿನೇಳೇ ವರ್ಷ. ನೂರು ವರ್ಷದ ಷರತ್ತಿಗೆ ಸಾಲದು. ಇಬ್ಬರೂ ಕೂತು ಪ್ರಶ್ನೆಯನ್ನು ತಿರುವಿ ಹಾಕಿದೆವು. ಮೊದಲ ಮೈಸೂರು ಯುದ್ಧ ಶುರುವಾದದ್ದು 1767ರಲ್ಲಿ. ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ದತ್ತುಪುತ್ರನಿಗೆ ರಾಜ್ಯ ಹಿಂದಿರುಗಿಸುತ್ತೇವೆ ಅಂತ ಒಪ್ಪಿದ್ದು 1867ರಲ್ಲಿ. ಸರಿಯಾಗಿ ನೂರು ವರ್ಷ! ಆ ಸಂಜೆ ನನಗಾದ ಖುಷಿಯನ್ನು ಪಕ್ಕದ ಮೇಜಿನ ಇಂಗ್ಲಿಷ್ ಸಹೋದ್ಯೋಗಿಗೆ ವಿವರಿಸಲು ಆಗಲಿಲ್ಲ. ಪ್ರಶ್ನೆ ಹೀಗಾಯಿತು: ಈ ನೂರು ವರ್ಷದಲ್ಲಿ ಮೈಸೂರಿನ ಬಗ್ಗೆ ಬ್ರಿಟಿಷರ ಧೋರಣೆಯನ್ನು ಬದಲಾಯಿಸಿದ್ದು ಮುಖ್ಯವಾಗಿ ಭಯವೋ, ಹಣವೋ?

ಸಾಮಗ್ರಿ ಲಂಡನ್ನಿನಲ್ಲೇ ಬಿದ್ದಿತ್ತು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬಿಳಿ ಸಿಪಾಯಿಯನ್ನು ಕೆಡವಿಕೊಂಡಿರುವ ಮರದ ಹುಲಿ ಇದೆಯಲ್ಲ, ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ವಶಪಡಿಸಿಕೊಂಡು ತಂದದ್ದು, ಅದನ್ನು ಅವಳು ಚಿಕ್ಕಂದಿನಲ್ಲಿ ನೋಡಿದ್ದಳು. ಈ ಸಲ ಹುಲಿಯನ್ನು ಬಿಟ್ಟು, ಅದನ್ನು ಜನರ ಮುಂದೆ ಇಟ್ಟವರ ಕಡೆಗೆ ನೋಡಿದಳು. ಅದು ಯಾಕೆ ತಂದರು, ಯಾರಿಗೆ ತೋರಿಸಲು? ಯುದ್ಧ ಮುಗಿದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಡಾಕ್ಟರ್ ಬುಕಾನನ್ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಯಾವ ಹೊಲದಲ್ಲಿ ರಾಗಿ, ಯಾವ ಕೇರಿಯಲ್ಲಿ ಮಗ್ಗ ಅಂತ ಬರೆದಿಟ್ಟ. ಅದನ್ನು ಓದಿದಳು. ‘ಮಿಸ್, ಇವನು ಪ್ರವಾಸ ಮಾಡ್ತಾ ಇಲ್ಲ, ಸ್ಟಾಕ್ ತಗೋತಾ ಇದಾನೆ’ ಅಂದಳು. ಆ ಒಂದು ವಾಕ್ಯ ಕೇಳಿದ ದಿನ ಅವಳು ಹಿಸ್ಟರಿ ಕಲಿತಳು ಅಂತ ನನ್ನ ಲೆಕ್ಕ.

ಈ ಕಥೆಯನ್ನು ಉದ್ದ ಮಾಡಿದ್ದಕ್ಕೆ ಕಾರಣ ಇದೆ. ಈ ಕೆಲಸ ಅವಳಿಗೆ ಇಷ್ಟವಾಯಿತು. ಇದೇ ಕೆಲಸವನ್ನು ಇನ್ನೊಬ್ಬ ಹುಡುಗನಿಗೆ ಕೊಟ್ಟರೆ ಅವನಿಗೆ ಅದು ಶಿಕ್ಷೆ. ಆಯ್ಕೆ ಅಂದರೆ ಇಷ್ಟೇ ಅಂತ ನಾನು ನಂಬಿದ್ದೇನೆ. ಪರೀಕ್ಷಾ ಮಂಡಳಿಗಳ ಹಳೆಯ ಪ್ರಶ್ನೆಪತ್ರಿಕೆಗಳು ಅವರ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತವೆ. ಮೂರು ವಿಷಯದ್ದು ಪ್ರಿಂಟ್ ತೆಗೆದು ಅಡುಗೆಮನೆಯ ಮೇಜಿನ ಮೇಲೆ ಇಡಿ. ಉತ್ತರ ಬರೆಯಿಸಬೇಡಿ. ಯಾವ ಪ್ರಶ್ನೆಯನ್ನು ಮಗು ಎರಡನೇ ಸಲ ಓದುತ್ತದೆ ಅಂತ ಸುಮ್ಮನೆ ನೋಡಿ.

ಬೇರೆ ವಿಷಯಗಳನ್ನು ಬೇಗ ಬೇಗ ಮುಗಿಸುತ್ತೇನೆ.

ಇಂಗ್ಲಿಷ್‌ನಲ್ಲಿ ಎರಡಿದೆ, ಅರ್ಧ ಜನಕ್ಕೆ ಗೊತ್ತೇ ಇಲ್ಲ. ಲಿಟರೇಚರ್ ಅಂದರೆ ಕನಿಷ್ಠ ಎಂಟು ಕೃತಿ, ಅದರಲ್ಲಿ ಮೂರು 1900ಕ್ಕಿಂತ ಹಿಂದಿನವು, ಶೇಕ್ಸ್‌ಪಿಯರ್ ತಪ್ಪುವುದಿಲ್ಲ. ಓದುವ ಚಟ ಇಲ್ಲದ ಮಗುವನ್ನು ಇಲ್ಲಿಗೆ ಕಳಿಸಬೇಡಿ. ಇನ್ನೊಂದು ಇಂಗ್ಲಿಷ್ ಲಾಂಗ್ವೇಜ್. ಇದು ಭಾಷೆ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಚಾರ: ಮಗು ಮಾತು ಕಲಿಯುವ ಬಗೆ, ಊರಿಂದೂರಿಗೆ ಉಚ್ಚಾರ ಬದಲಾಗುವ ಬಗೆ, ಕಾಲ ಕಳೆದಂತೆ ಪದಗಳ ಅರ್ಥ ಜಾರುವ ಬಗೆ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇಲ್ಲಿ ಹುಟ್ಟಿನಿಂದಲೇ ಒಂದು ಕಿವಿ ಇರುತ್ತದೆ. ‘ಕಾರ್ ಪಾರ್ಕ್ ಮಾಡಿ ಬಾ’ ಅನ್ನುವಾಗ ನಾವು ಇಂಗ್ಲಿಷಿನ ಕ್ರಿಯಾಪದಕ್ಕೆ ‘ಮಾಡು’ ಅಂಟಿಸುತ್ತೇವೆ ಅಂತ ನಮಗೆ ಗೊತ್ತಿಲ್ಲ, ಅವರಿಗೆ ಗೊತ್ತು. ನಮ್ಮನ್ನು ಅಣಕಿಸುವಾಗ ಅದನ್ನೇ ಬಳಸುತ್ತಾರೆ.

ರಿಲಿಜಿಯಸ್ ಸ್ಟಡೀಸ್ ಅಂದರೆ ಭಜನೆ ಕ್ಲಾಸ್ ಅಂದುಕೊಂಡ ಒಬ್ಬ ತಂದೆ ‘ಅದನ್ನ ನಾವು ಮನೆಯಲ್ಲೇ ಹೇಳಿಕೊಡ್ತೀವಿ’ ಅಂದಿದ್ದರು. ಅದರಲ್ಲಿ ಇರುವುದು ಪ್ಲೇಟೋ, ಅಕ್ವೈನಾಸ್, ಕಾಂಟ್. ದೇವರು ಇದ್ದಾನೆ ಅನ್ನುವ ವಾದ, ಅದಕ್ಕೆ ಉತ್ತರ, ಉತ್ತರಕ್ಕೆ ಉತ್ತರ. ಕೋರ್ಸ್‌ವರ್ಕ್ ಇಲ್ಲ, ಎಲ್ಲವೂ ಪರೀಕ್ಷೆ. ಕಾನೂನು ಓದಬೇಕು ಅನ್ನುವ ಮಕ್ಕಳಿಗೆ ಒಳ್ಳೆಯ ಗರಡಿ. ಅಂದಹಾಗೆ, ಲಾ ಡಿಗ್ರಿಗೆ ಎ-ಲೆವೆಲ್‌ನಲ್ಲಿ ಲಾ ಓದಿರಲೇಬೇಕು ಅಂತಿಲ್ಲ.

ಪಾಲಿಟಿಕ್ಸ್‌ನಲ್ಲಿ ಪಾರ್ಲಿಮೆಂಟಿನ ಕೆಲಸದ ಜೊತೆಗೆ ಲಿಬರಲಿಸಂ, ಸೋಷಲಿಸಂನಂಥ ವಿಚಾರಧಾರೆಗಳೂ ಇವೆ. ಟಿವಿ ನೋಡಿ ಬೈಯುವ ಚಪಲ ಮಾತ್ರ ಇದ್ದರೆ ಸಾಲದು. ಜಿಯಾಗ್ರಫಿಯಲ್ಲಿ ನಾಲ್ಕು ದಿನ ಹೊರಗೆ ಹೋಗಿ ಅಳೆದು, ಎಣಿಸಿ ಬರಬೇಕು. ಮಳೆಯಲ್ಲಿ ನದಿಗಿಳಿದ ಮಕ್ಕಳ ಮುಖ ನೋಡಬೇಕು ನೀವು. ಸೋಷಿಯಾಲಜಿಗೆ ನಮ್ಮವರಲ್ಲಿ ಯಾಕೋ ತಾತ್ಸಾರ ಇದೆ. ಡಾಕ್ಟರ ಮನೆಗಳಲ್ಲಿ ಮಾತ್ರ ಅದು ಇರಬಾರದು. ಒಂದೇ ಕಾಯಿಲೆ ಒಂದು ಬೀದಿಯಲ್ಲಿ ಹೆಚ್ಚು, ಪಕ್ಕದ ಬೀದಿಯಲ್ಲಿ ಕಡಿಮೆ ಯಾಕೆ ಅನ್ನುವ ಪ್ರಶ್ನೆ ಅವರ ಕ್ಲಿನಿಕ್ಕಿನ ಬಾಗಿಲಲ್ಲೇ ದಿನಾ ಕೂತಿರುತ್ತದೆ.

ಎಕನಾಮಿಕ್ಸ್ ಬಗ್ಗೆ ಮಾತ್ರ ನಿಂತು ಹೇಳಬೇಕು, ನಮ್ಮವರು ಎಡವುವುದು ಇಲ್ಲೇ. ಮುಂದೆ ಎಕನಾಮಿಕ್ಸ್ ಡಿಗ್ರಿ ಮಾಡಬೇಕು ಅಂತ ಎ-ಲೆವೆಲ್ ಎಕನಾಮಿಕ್ಸ್ ತಗೊಂಡು, ಕಷ್ಟ ಅಂತ ಮ್ಯಾಥ್ಸ್ ಬಿಟ್ಟವರಿದ್ದಾರೆ. ತಲೆಕೆಳಗು. ಕೇಂಬ್ರಿಡ್ಜ್, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಂಥ ಕಡೆ ಕಡ್ಡಾಯವಾಗಿ ಕೇಳುವುದು ಮ್ಯಾಥ್ಸ್ ಅನ್ನು. ಎಕನಾಮಿಕ್ಸ್ ಓದಿರದಿದ್ದರೂ ನಡೆಯುತ್ತದೆ. ಇದು ಗೊತ್ತಾಗುವುದು ಎರಡನೇ ವರ್ಷ ಅರ್ಜಿ ಹಾಕುವಾಗ. ಆಗ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ.

(ಇಲ್ಲಿ ಒಬ್ಬರು ಎದ್ದು, ‘ವಾಟ್ಸಾಪ್‌ನಲ್ಲಿ ಒಂದು ಲಿಸ್ಟ್ ಬಂದಿತ್ತು, ರಸೆಲ್ ಗ್ರೂಪ್ ಯೂನಿವರ್ಸಿಟಿಗಳು ಇಷ್ಟಪಡೋ ಸಬ್ಜೆಕ್ಟ್ ಅಂತ. ಅದರಲ್ಲಿ ಇಲ್ಲದ್ದು ತಗೊಂಡ್ರೆ ಹೇಗೆ?’ ಎಂದು ಕೇಳಿದರು.)

ಆ ಪಟ್ಟಿ ನನ್ನ ಫೋನಿಗೂ ಬರುತ್ತಿರುತ್ತದೆ. ಅದು ಸುಳ್ಳಲ್ಲ, ತಂಗಳು. 2011ರಲ್ಲಿ ರಸೆಲ್ ಗ್ರೂಪ್‌ನವರು, ಅಂದರೆ ಇಲ್ಲಿನ ಕೆಲವು ಹೆಸರಾಂತ ಯೂನಿವರ್ಸಿಟಿಗಳ ಕೂಟದವರು, ಒಂದು ಕೈಪಿಡಿ ತಂದು, ಹೆಚ್ಚು ಡಿಗ್ರಿಗಳಿಗೆ ಬಾಗಿಲು ತೆರೆದಿಡುವ ವಿಷಯಗಳು ಅಂತ ಕೆಲವನ್ನು ಹೆಸರಿಸಿದರು. ಮ್ಯಾಥ್ಸ್, ಸೈನ್ಸ್ ಜೊತೆಗೆ ಹಿಸ್ಟರಿ, ಜಿಯಾಗ್ರಫಿ, ಇಂಗ್ಲಿಷ್ ಲಿಟರೇಚರ್, ಭಾಷೆಗಳೂ ಅದರಲ್ಲಿದ್ದವು. ನಮ್ಮವರು ಫಾರ್ವರ್ಡ್ ಮಾಡುವಾಗ ಆ ಅರ್ಧದ ಮೇಲೆ ಕಣ್ಣು ಹಾಯಿಸುವುದಿಲ್ಲ, ಅದು ಬೇರೆ ಮಾತು. ಪಟ್ಟಿಯಲ್ಲಿಲ್ಲದ ವಿಷಯಗಳೆಲ್ಲ ಕೀಳು ಅನ್ನುವ ಭಾವನೆ ಹರಡುತ್ತಿದೆ ಅನ್ನುವ ಟೀಕೆ ಬಂದು, 2019ರಲ್ಲಿ ಅವರೇ ಅದನ್ನು ಕೈಬಿಟ್ಟರು. ನಿಮಗೆ ಬೇಕಾದ ಡಿಗ್ರಿಯ ಪುಟವನ್ನೇ ತೆರೆದು, ಕೇಳಿರುವ ವಿಷಯ ಯಾವುದು ಅಂತ ಓದಿ. ಹಾಗೆ ಓದಿದರೆ ಮೆಡಿಸಿನ್‌ನವರಿಗೂ ಒಂದು ಆಶ್ಚರ್ಯ ಕಾದಿದೆ. ಬಹಳಷ್ಟು ಕಡೆ ಕೆಮಿಸ್ಟ್ರಿ, ಬಯಾಲಜಿ ಕೇಳಿ, ಮೂರನೆಯದನ್ನು ನಿಮಗೇ ಬಿಡುತ್ತಾರೆ. ಅಲ್ಲಿ ಹಿಸ್ಟರಿ ಇಟ್ಟರೆ ಯಾರೂ ಹುಬ್ಬು ಹಾರಿಸುವುದಿಲ್ಲ.

ನಮ್ಮ ಬೆಂಗಳೂರಿನ ಅಳಿಯನ ಉದಾಹರಣೆ ಕೊಡದೆ ಈ ಮಾತು ಮುಗಿಯುವುದಿಲ್ಲ. ರಿಷಿ ಸುನಕ್ ಆಕ್ಸ್‌ಫರ್ಡಿನಲ್ಲಿ ಓದಿದ್ದು ಫಿಲಾಸಫಿ, ಪಾಲಿಟಿಕ್ಸ್, ಎಕನಾಮಿಕ್ಸ್. 1920ರ ಸುಮಾರಿಗೆ ಶುರುವಾದ ಆ ಡಿಗ್ರಿಯಿಂದ ಈ ದೇಶದ ಮಂತ್ರಿಗಳು ಸಾಲುಗಟ್ಟಿ ಬಂದಿದ್ದಾರೆ. ಪ್ರಧಾನಿಯಾದ ಮೇಲೆ, 2023ರ ಜನವರಿಯಲ್ಲಿ, ಎಲ್ಲ ಮಕ್ಕಳೂ ಹದಿನೆಂಟರವರೆಗೆ ಗಣಿತ ಓದಬೇಕು ಅಂದರು. ಮಾವನವರ ಮನೆಯ ಪ್ರಭಾವ ಇರಬಹುದು ಅಂತ ನಮ್ಮ ಸ್ಟಾಫ್‌ರೂಮಿನಲ್ಲಿ ನಾನೊಬ್ಬಳೇ ನಕ್ಕೆ. ಗಣಿತವನ್ನು ಜನ ಬಿಟ್ಟೇನೂ ಇರಲಿಲ್ಲ. ಅತಿ ಹೆಚ್ಚು ಮಕ್ಕಳು ಬರೆಯುವ ಎ-ಲೆವೆಲ್ ಅದೇ, 2024ರಲ್ಲಿ ಒಂದು ಲಕ್ಷ ದಾಟಿತು. ಸೊರಗುತ್ತಿರುವುದು ಲಿಟರೇಚರ್‌ನಂಥ ತರಗತಿಗಳು.

ಇಷ್ಟೆಲ್ಲ ಹೊಗಳಿದ ಮೇಲೆ ಎಚ್ಚರಿಕೆಯನ್ನೂ ಹೇಳದಿದ್ದರೆ ನಾನು ಅಂಗಡಿಯವಳಾಗುತ್ತೇನೆ. ಹಿಸ್ಟರಿ, ಇಂಗ್ಲಿಷ್ ಲಿಟರೇಚರ್, ಪಾಲಿಟಿಕ್ಸ್ ಮೂರನ್ನೂ ಒಟ್ಟಿಗೆ ತಗೊಂಡರೆ ವಾರಕ್ಕೆ ಮೂರು ಪ್ರಬಂಧ ಬರಬಹುದು. 2015ರ ಸುಧಾರಣೆಯಿಂದೀಚೆಗೆ ಇಂಗ್ಲೆಂಡಿನಲ್ಲಿ ಎರಡು ವರ್ಷದ ಪಾಠವನ್ನೂ ಕೊನೆಯ ಬೇಸಿಗೆಯಲ್ಲಿ ಒಟ್ಟಿಗೇ ಬರೆಯಬೇಕು. ನಡುವೆ ಅರ್ಧ ಭಾರ ಇಳಿಸುವ ಹಳೆಯ ವ್ಯವಸ್ಥೆ ಹೋಯಿತು. ಮೂರೂ ಪ್ರಬಂಧದ ವಿಷಯವಾದರೆ ಆ ಜೂನ್ ತಿಂಗಳಲ್ಲಿ ಕೈ ಬೆರಳು ನಿಜವಾಗಿ ಊದುತ್ತವೆ. ಎರಡು ಪ್ರಬಂಧದ ವಿಷಯ, ಮೂರನೆಯದು ಬೇರೆ ಜಾತಿಯ ಕೆಲಸ: ಮ್ಯಾಥ್ಸೋ, ಭಾಷೆಯೋ, ಚಿತ್ರಕಲೆಯೋ. ಇದು ನನ್ನ ಅಭಿಪ್ರಾಯ, ನಿಯಮ ಏನಲ್ಲ. ಹಾಗೆಯೇ, ಫಿಸಿಕ್ಸ್‌ಗೆ ಹೆದರಿ ಓಡಿ ಬರುವ ಮಕ್ಕಳು ನನಗೆ ಬೇಡ. ಓಡಿ ಬಂದವರು ಇಲ್ಲಿಂದಲೂ ಓಡುತ್ತಾರೆ.

(‘ಕನ್ನಡವನ್ನೇ ಒಂದು ಎ-ಲೆವೆಲ್ ಮಾಡಬಹುದಾ?’ ಎಂದು ಒಬ್ಬ ತಾಯಿ ಕೇಳಿದರು.)

ಆಗುವುದಿಲ್ಲ. ಗುಜರಾತಿ, ಬಂಗಾಳಿ, ಪಂಜಾಬಿ, ಉರ್ದು ಇವೆ. ಕನ್ನಡಕ್ಕೆ ಜಿಸಿಎಸ್‌ಇಯೂ ಇಲ್ಲ, ಎ-ಲೆವೆಲ್ಲೂ ಇಲ್ಲ. ಆದರೆ ಇಪಿಕ್ಯೂ ಅಂತ ಒಂದಿದೆ, ಐದು ಸಾವಿರ ಪದದ ಸ್ವಂತ ಪ್ರಾಜೆಕ್ಟ್, ಅರ್ಧ ಎ-ಲೆವೆಲ್‌ನ ತೂಕ. ವಿಷಯ ಮಗುವಿನದೇ. ವಚನಗಳ ಇಂಗ್ಲಿಷ್ ಅನುವಾದಗಳನ್ನು ಹೋಲಿಸಿ ಬರೆದರೆ ಬೇಡ ಅನ್ನುವವರಿಲ್ಲ.

(‘ಸೇರಿಕೊಂಡ ಮೇಲೆ ಇಷ್ಟ ಆಗ್ಲಿಲ್ಲ ಅಂದ್ರೆ?’)

ಸೆಪ್ಟೆಂಬರ್‌ನ ಮೊದಲ ಕೆಲವು ವಾರ ಸಾಮಾನ್ಯವಾಗಿ ಬದಲಾಯಿಸಿಕೊಳ್ಳಲು ಬಿಡುತ್ತಾರೆ, ಕಂಬ ಹೊಂದಬೇಕು, ಸೀಟು ಇರಬೇಕು. ದಸರೆ ಹೊತ್ತಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ನಾನು ನಮ್ಮ ಮಕ್ಕಳಿಗೆ ಹೇಳುತ್ತೇನೆ. ದೀಪಾವಳಿಗೆ ಬಂದರೆ ತಡ.

(ಕೊನೆಗೆ ಮೊದಲ ಸಾಲಿನ ಅಜ್ಜಿಯೊಬ್ಬರು ಮೈಕ್ ಬೇಡವೆಂದು ಕೂತಲ್ಲಿಂದಲೇ ಕೇಳಿದರು: ‘ಅದೆಲ್ಲ ಇರ್ಲಿ ಮಗಾ, ಆ ಹುಡುಗಿ ಕೊನೆಗೆ ಟಿಪ್ಪು ಒಳ್ಳೇವ್ನು ಅಂತ ಬರದ್ಳೋ, ಕೆಟ್ಟವ್ನು ಅಂತ್ಲೋ?’)

ಎರಡನ್ನೂ ಬರೆಯಲಿಲ್ಲ ಅಜ್ಜಿ. ತಾನು ಓದಿದ್ದೆಲ್ಲ ಬ್ರಿಟಿಷರು ಬರೆದದ್ದು, ಇದರಿಂದ ಬ್ರಿಟಿಷರ ಮನಸ್ಸು ಹೇಗೆ ಬದಲಾಯಿತು ಅಂತ ಹೇಳಬಲ್ಲೆನೇ ಹೊರತು ಟಿಪ್ಪು ಎಂಥವನು ಅಂತ ಹೇಳಲಾರೆ ಅಂತ ಬರೆದಳು. ಶೃಂಗೇರಿ ಮಠಕ್ಕೆ ಅವನು ಬರೆಸಿದ ಪತ್ರಗಳು ಕನ್ನಡದಲ್ಲಿವೆ ಅಂತ ಗೊತ್ತಾದಾಗ ಅವಳಿಗೆ ತುಂಬಾ ಬೇಜಾರಾಯಿತು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಈಗ ಯೂನಿವರ್ಸಿಟಿಯಲ್ಲಿದ್ದಾಳೆ. ಭಾನುವಾರ ಬೆಳಗ್ಗೆ ಮೈಸೂರಿನಲ್ಲಿರುವ ಅವಳ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಕಾಗುಣಿತ ಹೇಳಿಕೊಡುತ್ತಾರಂತೆ. ಹೋದ ವಾರ ನನಗೊಂದು ಮೆಸೇಜು ಬಂತು, ಒತ್ತಕ್ಷರಕ್ಕೆ ಬಂದಿದ್ದಾಳೆ, ‘ಸ್ತ್ರೀ’ ಬರೆಯುವಾಗ ಒತ್ತಿನ ಕೆಳಗೆ ಇನ್ನೊಂದು ಒತ್ತು ಯಾಕೆ ಅಂತ ಅಜ್ಜಿಯ ಜೊತೆ ಜಗಳ ಆಗಿದೆಯಂತೆ.